ಸೆಕೆಂಡ್ ಶೋ ಬಿಟ್ಟ ಮೇಲೆ ಬಸ್ಸಿಲ್ಲ!

ರಾಯಚೂರು: ಕೈಗೆ ಗಡಿಯಾರ ಕಟ್ಟದ ಮಂದಿಗೆ ಒಂದು ಕಾಲಕ್ಕೆ ಟಾಕೀಸೇ ಗಡಿಯಾರ. ಮೈಕಿನಲ್ಲಿ ಘಂಟಸಾಲರ ತಿಮ್ಮಪ್ಪನ ಹಾಡು ಕೇಳಿತೆಂದರೆ ‘ಆಟ ಶುರು ಆತು, ನಡೀರಲೇ’ ಅಂತ ಗಾಂಧಿ ಕ್ಲಾಸಿಗೆ ಓಟ.

1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಜಿಲ್ಲೆಯಿದು. ಹಿಂದಿ, ತೆಲುಗು ಆಟಕ್ಕೂ ಕನ್ನಡದಷ್ಟೇ ನೂಕುನುಗ್ಗಲು. ದೇವದುರ್ಗ, ಮಾನ್ವಿ ಕಡೆಯವರು ಸೆಕೆಂಡ್ ಶೋ ನೋಡಿ, ಬಸ್ ಸ್ಟ್ಯಾಂಡಿನಲ್ಲೇ ಟವೆಲ್ ಹಾಸಿ ಮಲಗಿ, ಮುಂಜಾನೆ ಮೊದಲ ಬಸ್ಸಿಗೆ ಊರು ಸೇರುತ್ತಿದ್ದರು.

ಟಿ.ವಿ., ವಿಡಿಯೊ, ಮೊಬೈಲು ಒಂದೊಂದಾಗಿ ಗಿರಾಕಿ ಕಸಿದವು. 2020ರಲ್ಲಿ ಕೊರೊನಾ ಎಲ್ಲ ಟಾಕೀಸಿಗೂ ಬೀಗ ಜಡಿಸಿತು; ಎಷ್ಟೋ ಊರಲ್ಲಿ ಆ ಬೀಗ ಮತ್ತೆ ತೆರೆಯಲೇ ಇಲ್ಲ.

ಟಾಕೀಸು ಮುಚ್ಚಿದರೆ ಮಾಲೀಕನಿಗಷ್ಟೇ ಲುಕ್ಸಾನೇ? ಇಂಟರ್‌ವೆಲ್ಲಿನ ಮಂಡಾಳು-ಮಿರ್ಚಿ, ಚಹಾದಂಗಡಿ, ಬೀಡಿ ಡಬ್ಬಿ, ಸೈಕಲ್ ಸ್ಟ್ಯಾಂಡು—ಇವರ ಲೆಕ್ಕ ಬರೆಯುವವರು ಯಾರು?