ಮಾರ್ಕು ಬದಲಿಸುವ ಮುನ್ನ

ಕಳೆದ ಮೂರು ತಿಂಗಳಿಂದ ನಾನೊಂದು ಧರ್ಮಸಂಕಟದಲ್ಲಿ ಸಿಲುಕಿದ್ದೇನೆ. ಹನ್ನೊಂದು ವರ್ಷಗಳಿಂದ ನನ್ನೊಡನೆ ಊರೂರು ತಿರುಗಿದ ಲ್ಯಾಪ್‌ಟಾಪು ಈಗ ವಿಶ್ರಾಂತಿಯನ್ನು ಬಯಸುತ್ತಿದೆ. ಅದರ ಸ್ಥಾನಕ್ಕೆ ಅದೇ ಮಾರ್ಕಿನ ಇನ್ನೊಂದನ್ನು ತರಬೇಕೆ, ಇಲ್ಲವೆ ಈ ಸಲ ಬೇರೊಂದು ಮಾರ್ಕನ್ನು ಆಶ್ರಯಿಸಬೇಕೆ ಎಂಬುದೇ ಪ್ರಶ್ನೆ. ಇದೂ ಒಂದು ಸಂಕಟವೆ ಎಂದು ವಾಚಕರು ನಗಬಹುದು. ಆದರೆ ಕಾಫಿಪುಡಿಯ ಅಂಗಡಿಯನ್ನು ಸಹ ಇಪ್ಪತ್ತು ವರ್ಷಗಳಿಂದ ಬದಲಿಸದ ನನ್ನಂಥವನಿಗೆ ಇದು ಸಣ್ಣ ವಿಷಯವಲ್ಲ.

ಕನ್ನಡದ ಅಧ್ಯಾಪಕನಿಗೆ ಮೇಜಿನ ಮೇಲಿನ ಯಂತ್ರ ಸಾಲದೆ, ಹೊತ್ತು ತಿರುಗುವ ಯಂತ್ರವೇಕೆ ಎಂದು ಕೇಳುವವರಿದ್ದಾರೆ. ಕಾರಣವಿಷ್ಟೆ: ತಿಂಗಳಿನಲ್ಲಿ ಎರಡು ಭಾನುವಾರಗಳಾದರೂ ನಾನು ಮನೆಯಲ್ಲಿರುವುದಿಲ್ಲ. ಒಮ್ಮೆ ಕಲಬುರಗಿಯ ವಿಚಾರಸಂಕಿರಣ, ಒಮ್ಮೆ ಓಲೆಗರಿ ನೋಡಲು ಮೂಡುಬಿದಿರೆ, ಮತ್ತೊಮ್ಮೆ ಮುಂಬಯಿಯ ಕನ್ನಡಿಗರ ಸಭೆ, ನಡುನಡುವೆ ಉತ್ತರಪತ್ರಿಕೆಗಳ ಮೌಲ್ಯಮಾಪನ. ನಾನು ಬರೆದುದರಲ್ಲಿ ಅರ್ಧದಷ್ಟನ್ನು ರೈಲಿನ ಕಿಟಕಿಯ ಪಕ್ಕದಲ್ಲಿ, ಮಡಿಲಿನ ಮೇಲೆ ಯಂತ್ರವನ್ನಿಟ್ಟುಕೊಂಡೇ ಬರೆದುದುಂಟು.

ಹಳೆಯ ಸಂಗಾತಿಯ ಮಾರ್ಕು ಯಾವುದೆಂದು ಹೇಳುವುದಿಲ್ಲ. ಉಪ್ಪು ತಿಂದ ಮನೆಯ ದೂರನ್ನು ಬೀದಿಯಲ್ಲಿ ಹೇಳಬಾರದು. ಚಾರ್ಜರನ್ನೂ ಕೂಡಿಸಿ ಅದರ ತೂಕ ಮೂರು ಕಿಲೋ. ಬ್ಯಾಟರಿ ಈಗ ನಲವತ್ತು ನಿಮಿಷ ನಿಂತರೆ ಹೆಚ್ಚು; ಮಂಡ್ಯ ದಾಟುವಷ್ಟರಲ್ಲಿ ಕಣ್ಣು ಮುಚ್ಚುತ್ತದೆ. ಒಳಗಿನ ಫ್ಯಾನು ಸೀಮೆಎಣ್ಣೆಯ ಸ್ಟೌವಿನಂತೆ ಸದ್ದು ಮಾಡುತ್ತದೆ. ಪರದೆಯ ಕೀಲು ಸಡಿಲಗೊಂಡು, ಬೆನ್ನಿಗೊಂದು ದಪ್ಪ ನಿಘಂಟನ್ನು ಒತ್ತುಕೊಟ್ಟ ಹೊರತು ನೆಟ್ಟಗೆ ನಿಲ್ಲದು. ಇವೆಲ್ಲಕ್ಕೂ ಮಿಗಿಲಾಗಿ, ಅದರೊಳಗಿರುವ ವಿಂಡೋಸ್ 10 ಎಂಬ ವ್ಯವಸ್ಥೆಗೆ ದೊರೆಯುತ್ತಿದ್ದ ಸಾಮಾನ್ಯ ಪೋಷಣೆ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11ನ್ನು ಧರಿಸುವ ಅರ್ಹತೆ ಇಷ್ಟು ಹಳೆಯ ಯಂತ್ರಕ್ಕಿಲ್ಲವಂತೆ.

ಹೊರೆಯ ಮಾತು ಬಂದಾಗ ಹಿಂದಿನವರನ್ನು ನೆನೆದರೆ ತುಸು ಸಮಾಧಾನವಾಗುತ್ತದೆ. ಮಾರುಕಟ್ಟೆಯಲ್ಲಿ ಹೆಸರು ಪಡೆದ ಮೊದಲ ಒಯ್ಯುವ ಗಣಕ 1981ರ ಆಸ್ಬೋರ್ನ್ 1. ಅದರ ತೂಕ ಸುಮಾರು ಹನ್ನೊಂದು ಕಿಲೋ. ಪರದೆ ಐದೇ ಅಂಗುಲ. ಅದನ್ನು ಹೊರತಂದ ಆಡಂ ಆಸ್ಬೋರ್ನ್ ಬಾಲ್ಯವನ್ನು ಕಳೆದುದು ನಮ್ಮ ನೆರೆಯ ತಿರುವಣ್ಣಾಮಲೆಯಲ್ಲಿ. ತಂದೆ ಆರ್ಥರ್ ಆಸ್ಬೋರ್ನ್ ರಮಣ ಮಹರ್ಷಿಗಳ ಭಕ್ತರು. ಮಗ ಅಮೆರಿಕದಲ್ಲಿ ಗಣಕಗಳನ್ನು ಮಾರಿ, ಗೆದ್ದು, ಸೋತು, ಕೊನೆಗೆ 2003ರಲ್ಲಿ ಕೊಡೈಕನಾಲಿನಲ್ಲಿ ತೀರಿಕೊಂಡರು. ಆ ಹನ್ನೊಂದು ಕಿಲೋ ಇಳಿಯುತ್ತ ಬಂದು, 2008ರಲ್ಲಿ ಆಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಕಾಗದದ ಲಕೋಟೆಯೊಂದರಿಂದ ಮ್ಯಾಕ್‌ಬುಕ್ ಏರನ್ನು ಹೊರತೆಗೆದು ತೋರಿಸಿದಾಗ 1.36 ಕಿಲೋ ಆಗಿತ್ತು. ಒಂದು ತಲೆಮಾರಿನ ಅವಧಿಯಲ್ಲಿ ಪ್ರವಾಸಿಯ ಹೆಗಲಿನಿಂದ ಇಳಿದ ಭಾರ ಇಷ್ಟು.

ಮಾರ್ಕುಗಳ ಕಥೆಯೂ ವಿಚಿತ್ರ. ಪ್ರವಾಸಿಗಳ ಪ್ರೀತಿಗೆ ಪಾತ್ರವಾದ ಥಿಂಕ್‌ಪ್ಯಾಡನ್ನು 1992ರಲ್ಲಿ ಹೊರತಂದವರು ಐಬಿಎಂನವರು. ಕೀಲಿಮಣೆಯ ನಡುವೆ ಕುಂಕುಮದ ಬೊಟ್ಟಿನಂತಿರುವ ಕೆಂಪು ಗುಂಡಿಯೇ ಅದರ ಗುರುತು. 2005ರಲ್ಲಿ ಆ ವ್ಯಾಪಾರವೆಲ್ಲ ಚೀನಾ ಮೂಲದ ಲೆನೊವೊ ಕಂಪೆನಿಯ ಪಾಲಾಯಿತು; ಬೊಟ್ಟು ಮಾತ್ರ ಉಳಿಯಿತು. ಆಪಲ್‌ನವರ ಯಂತ್ರಗಳಲ್ಲಿ ಹೆಸರು ಅದೇ ಇದ್ದರೂ 2020ರಲ್ಲಿ ಒಳಗಿನ ಹೃದಯ ಬದಲಾಯಿತು. ಇಂಟೆಲ್‌ನ ಚಿಪ್ಪಿನ ಬದಲು ತಮ್ಮದೇ ಚಿಪ್ಪನ್ನು ಅವರು ಅಳವಡಿಸತೊಡಗಿದರು. ಇದಲ್ಲದೆ ಬೇರೆ ಬೇರೆ ಹೆಸರಿನ ಎಷ್ಟೋ ಲ್ಯಾಪ್‌ಟಾಪುಗಳನ್ನು ತಯಾರಿಸಿಕೊಡುವವರು ಕ್ವಾಂಟಾ, ಕಾಂಪಾಲ್ ಮುಂತಾದ ತೈವಾನಿನ ಕೆಲವೇ ಕಂಪೆನಿಗಳು. ಹೀಗಿರುವಾಗ ಮಾರ್ಕಿಗೆ ನಿಷ್ಠೆ ಎಂದರೆ ಯಾರಿಗೆ ನಿಷ್ಠೆ ಎಂಬುದೇ ತಿಳಿಯದು.

ಇಂಜಿನಿಯರಿಂಗ್ ಓದುತ್ತಿರುವ ಮಗಳು ನನಗೊಂದು ಪಟ್ಟಿ ಮಾಡಿಕೊಟ್ಟಳು. ತೂಕ ಒಂದೂವರೆ ಕಿಲೋ ದಾಟಬಾರದು. ಬ್ಯಾಟರಿ ಒಂದು ಹಗಲು ನಿಲ್ಲಬೇಕು. ಆದರೆ 100 ವ್ಯಾಟ್-ಅವರ್ ಮೀರಿದರೆ ವಿಮಾನದಲ್ಲಿ ಅಪ್ಪಣೆ ಕೇಳಬೇಕಾಗುತ್ತದೆ. ಮೊಬೈಲಿನ ಟೈಪ್-ಸಿ ಚಾರ್ಜರಿನ ತೂತೇ ಇದಕ್ಕೂ ಇದ್ದರೆ ಚೀಲದಲ್ಲಿ ಒಂದು ಹಗ್ಗ ಕಡಿಮೆಯಾಗುತ್ತದೆ. ಕೆಟ್ಟರೆ ಬೆಂಗಳೂರಿನವರೆಗೆ ಓಡದೆ ನಮ್ಮೂರಿನಲ್ಲೇ ದುರಸ್ತಿಯಾಗಬೇಕು. ಎಲ್ಲವೂ ಯೋಗ್ಯವಾದ ಮಾತುಗಳೇ. ಆದರೆ ಅತ್ಯಂತ ಮುಖ್ಯವಾದುದೊಂದು ಆ ಪಟ್ಟಿಯಲ್ಲಿರಲಿಲ್ಲ. ಅದು ನನಗೂ ಹೊಳೆದಿರಲಿಲ್ಲ.

ಅದು ತಿಳಿದುದು ಹೀಗೆ. ಧಾರವಾಡದ ಸಭೆಯೊಂದರಲ್ಲಿ ನನ್ನ ಯಂತ್ರದ ಅವಸ್ಥೆಯನ್ನು ಕಂಡ ಗೆಳೆಯರೊಬ್ಬರು, ಬೇರೆ ಮಾರ್ಕಿನ ತಮ್ಮ ಹೊಸ ಯಂತ್ರವನ್ನು ನನ್ನ ಕೈಗಿತ್ತು, “ಮುಂದಿನ ವಾರ ನಾನೇ ಮೈಸೂರಿಗೆ ಬರಾಂವ ಇದ್ದೀನಿ. ಅಲ್ಲೀತನಕ ಇಟ್ಕೊಂಡು ನೋಡ್ರಿ, ಆಮ್ಯಾಲೆ ಮಾತಾಡೂಣು” ಎಂದರು. ಹುಬ್ಬಳ್ಳಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಅದನ್ನು ತೆರೆದೆ. ಹಗುರವೆಂದರೆ ಹಗುರ, ಸದ್ದೆಂಬುದೇ ಇಲ್ಲ. ರಾತ್ರಿ ಹನ್ನೊಂದರವರೆಗೆ ಬರೆದರೂ ಬ್ಯಾಟರಿ ಅರ್ಧಕ್ಕಿಂತ ಕೆಳಗಿಳಿಯಲಿಲ್ಲ. ನನ್ನ ಮನಸ್ಸು ಆಗಲೇ ಮಾರ್ಕನ್ನು ಬದಲಿಸಿಬಿಟ್ಟಿತ್ತು. ಮಲಗುವ ಮುನ್ನ ಹಳೆಯ ಕಡತವೊಂದನ್ನು ನೋಡೋಣವೆಂದು ಪೆನ್‌ಡ್ರೈವನ್ನು ಚುಚ್ಚಿದೆ.

ಆ ಕಡತದ ವಿಷಯವನ್ನು ಎರಡು ಮಾತಿನಲ್ಲಿ ಹೇಳಬೇಕು. 2006ರಲ್ಲಿ, ನಾನಿನ್ನೂ ಸಂಶೋಧನೆಯ ವಿದ್ಯಾರ್ಥಿಯಾಗಿದ್ದಾಗ, ಹಿರಿಯೂರು ಸೀಮೆಯ ಒಂದು ಹಳ್ಳಿಯಲ್ಲಿ ಅಜ್ಜಿಯೊಬ್ಬರು ತಮ್ಮ ಜಗುಲಿಯ ಮೇಲೆ ಕುಳಿತು ನಾಲ್ಕು ದಿನ ನನಗೆ ಬೀಸುವ ಪದಗಳನ್ನು ಹೇಳಿದರು. ಬೀಸುವ ಕಲ್ಲು ಮನೆಯಲ್ಲಿ ಮೂಲೆ ಸೇರಿತ್ತು. ಕೈ ಮಾತ್ರ ಗಾಳಿಯಲ್ಲೇ ಬೀಸುತ್ತಿತ್ತು. “ಬರ್ಕೊಳ್ಳಪ್ಪ ಮಗ, ನನ್ ಸೊಸೇರಿಗೆ ಇದೆಲ್ಲ ಬ್ಯಾಡ” ಎಂದಿದ್ದರು. ನಾನು ಬರೆದುಕೊಂಡೆ, ಆಮೇಲೆ ಗಣಕದಲ್ಲಿ ಬೆರಳಚ್ಚು ಮಾಡಿದೆ. ಎರಡು ವರ್ಷಗಳಲ್ಲಿ ಅಜ್ಜಿ ತೀರಿಕೊಂಡರು. ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ನೋಟುಪುಸ್ತಕಗಳು ಮನೆ ಬದಲಿಸುವಾಗ ಎಲ್ಲಿ ಹೋದುವೋ ಕಾಣೆ. ಉಳಿದುದು ಆ ಕಡತಗಳು ಮಾತ್ರ.

ಗೆಳೆಯರ ಯಂತ್ರದಲ್ಲಿ ಅದು ತೆರೆಯಿತು. ಆದರೆ ಅಲ್ಲಿ ಕನ್ನಡವಿರಲಿಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು, ಅವುಗಳ ನೆತ್ತಿಯ ಮೇಲೆ ಫ್ರೆಂಚರು ಬಳಸುವಂಥ ಗೆರೆಗಳು, ನಡುನಡುವೆ ಹಣದ ಚಿಹ್ನೆಗಳು, ಹೀಗೆ ಪುಟಗಟ್ಟಲೆ. ಈ ಮಾರ್ಕಿಗೆ ಕನ್ನಡ ಬರುವುದಿಲ್ಲವೆಂದು ನಿರ್ಧರಿಸಿ, ರೈಲು ಮೈಸೂರು ಮುಟ್ಟುವುದರೊಳಗೆ ಹಳೆಯ ಮಾರ್ಕಿಗೇ ಮರಳಿದೆ. ಮರುದಿನ ವಿಭಾಗಕ್ಕೆ ಹೋಗಿ, ಅಲ್ಲಿದ್ದ ಹೊಸ ಗಣಕದಲ್ಲಿ, ಅದು ನನ್ನ ಹಳೆಯ ಮಾರ್ಕಿನದೇ, ಅದೇ ಕಡತವನ್ನು ತೆರೆದೆ. ಅಲ್ಲಿಯೂ ಅದೇ ಗೊಂದಲ! ಆಗ ನನಗೆ ನಿಜವಾಗಿ ಭಯವಾಯಿತು.

ದೋಷ ಯಾವ ಮಾರ್ಕಿನದೂ ಅಲ್ಲವೆಂದು ವಿವರಿಸಿದವಳು ಮಗಳೇ. ಗಣಕವು ಅಕ್ಷರಗಳನ್ನು ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತದೆ. ಹಿಂದೆ ಸಾಮಾನ್ಯ ಬಳಕೆಯ ತಂತ್ರಾಂಶಗಳಲ್ಲಿ ಕನ್ನಡಕ್ಕೆ ಸ್ವಂತ ಸಂಖ್ಯೆಗಳ ಬಳಕೆ ರೂಢಿಗೆ ಬಂದಿರಲಿಲ್ಲ. ಆದುದರಿಂದ ಇಂಗ್ಲಿಷ್ ಮುಂತಾದ ಲಿಪಿಗಳ ಸಂಖ್ಯೆಗಳ ಮೇಲೆಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸುತ್ತಿದ್ದರು. ಆ ಚಿತ್ರಗಳ ಅಚ್ಚು, ಎಂದರೆ ಫಾಂಟು, ಯಂತ್ರದಲ್ಲಿದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ಬಾಡಿಗೆ ಮನೆಯ ಒಡೆಯನೇ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಇದು ಅಂದಿನವರ ತಪ್ಪಲ್ಲ. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವು ಇಲ್ಲದಿದ್ದರೆ ನಮ್ಮ ತಲೆಮಾರು ಗಣಕದಲ್ಲಿ ಕನ್ನಡ ಬರೆಯಲು ಕಲಿಯುತ್ತಲೇ ಇರಲಿಲ್ಲ.

ಸ್ವಂತ ಮನೆ ಎಂದರೆ ಯುನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಖ್ಯೆಗಳನ್ನು ಕೊಡುವ ಈ ಏರ್ಪಾಡಿನ ಮೊದಲ ಆವೃತ್ತಿ 1991ರಲ್ಲಿ ಬಂತು. ಅದರಲ್ಲಿಯೇ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ದೊರಕಿತು. ಅಲ್ಲಿ ‘ಅ’ ಎಂದರೆ 3205, ‘ಕ’ ಎಂದರೆ 3221. ಅದು ಯಾವ ಮಾರ್ಕಿನ ಯಂತ್ರದಲ್ಲಾದರೂ ಅಷ್ಟೆ. ವಿಂಡೋಸ್ 2001ರ ಎಕ್ಸ್‌ಪಿ ಆವೃತ್ತಿಯ ಕಾಲಕ್ಕೇ ಕನ್ನಡವನ್ನು ಹೀಗೆ ಓದಬಲ್ಲುದಾಗಿತ್ತು. ನನ್ನ ಬಡ ಕಡತಗಳು ಮಾತ್ರ ಬಾಡಿಗೆ ಮನೆಯಲ್ಲೇ ಉಳಿದಿದ್ದುವು. ಹನ್ನೊಂದು ವರ್ಷಗಳ ಕಾಲ ಒಂದೇ ಯಂತ್ರದಲ್ಲಿ ತೆರೆಯುತ್ತಿದ್ದುದರಿಂದ ಅದು ನನ್ನ ಗಮನಕ್ಕೆ ಬಂದಿರಲಿಲ್ಲ.

ಕೂಡಲೇ ಪರಿವರ್ತನೆಯ ಕೆಲಸವನ್ನು ಹಿಡಿದೆ. ಹಳೆಯ ಸಂಕೇತಗಳನ್ನು ಯುನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಒಂದು ಕಡತಕ್ಕೆ ಒಂದು ಕ್ಷಣ ಸಾಕು. ಆದರೆ ಅದನ್ನು ನಂಬಿ ಕಣ್ಣು ಮುಚ್ಚುವಂತಿಲ್ಲ. ನಾನು ಮೊದಲು ಬಳಸಿದ ಪರಿವರ್ತಕ ಅಲ್ಲಲ್ಲಿ ಅರ್ಕಾವತ್ತುಗಳನ್ನು ನುಂಗಿಹಾಕಿತ್ತು. ಅಜ್ಜಿ ಹೇಳಿದ ‘ಅರ್ತಿ’ ಎಂಬ ಮಾತು ‘ಅತಿ’ಯಾಗಿತ್ತು. ಮಗಳ ಮೇಲಿನ ಅಕ್ಕರೆ ಅತಿರೇಕವಾಗಿ, ಪದದ ಅರ್ಥವೇ ಕೆಟ್ಟಿತ್ತು. ‘ರ‍್ಯಾಂಕು’ ಎಂದು ಬರೆಯಬೇಕಾದಲ್ಲಿ ‘ರ್ಯಾಂಕು’ ಎಂದಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಜೋಡಕ ಬೇಕಾಗುತ್ತದೆಂಬುದೂ ಆಗಲೇ ತಿಳಿಯಿತು. ಆದುದರಿಂದ ನಿಘಂಟಿಗೆ ಒರಗಿದ ಹಳೆಯ ಯಂತ್ರವನ್ನು ಎಡಗಡೆ, ಮಗಳ ಯಂತ್ರವನ್ನು ಬಲಗಡೆ ಇಟ್ಟುಕೊಂಡು, ಸಾಲು ಸಾಲಾಗಿ ಹೋಲಿಸಿ ತಿದ್ದುತ್ತಿದ್ದೇನೆ. ಎರಡು ಓಲೆಪ್ರತಿಗಳನ್ನು ಎದುರಿಟ್ಟು ಪಾಠಾಂತರ ಗುರುತಿಸುವ ಕೆಲಸಕ್ಕಿಂತ ಇದು ಬೇರೆಯಲ್ಲ. ಹಳೆಯ ಯಂತ್ರ ಉಸಿರಾಡುತ್ತಿರುವಾಗಲೇ ಇದು ಮುಗಿಯಬೇಕು.

ಒಂದು ಕಡತದಲ್ಲಿ ಮಾತ್ರ ಸೋತೆ. ಅದರ ಮೂಲ ಅಳಿಸಿಹೋಗಿ, ಹಿಂದೆಂದೋ ಮಿಂಚಂಚೆಯಲ್ಲಿ ಹೋಗಿ ಬಂದ ಪ್ರತಿಯೊಂದೇ ಉಳಿದಿತ್ತು. ಆ ಪಯಣದಲ್ಲಿ ಕೆಲವು ಸಂಕೇತಗಳು ಬರಿಯ ಪ್ರಶ್ನಾರ್ಥಕ ಚಿಹ್ನೆಗಳಾಗಿದ್ದುವು. ಹೆಚ್ಚಿನವನ್ನು ಛಂದಸ್ಸಿನಿಂದಲೂ ಅರ್ಥದಿಂದಲೂ ಊಹಿಸಿ ತುಂಬಿದೆ. ಒಂದೆಡೆ ‘ಹೊಲ’ವೋ ‘ಹೊಳೆ’ಯೋ ಎಂಬುದು ನಿಶ್ಚಯವಾಗಲಿಲ್ಲ. ಎರಡೂ ಹೊಂದುತ್ತವೆ. ಗಂಡನ ಮನೆಗೆ ಹೋಗುವ ಹೆಣ್ಣು ತಿರುಗಿ ನೋಡಿದುದು ತವರಿನ ಹೊಲವನ್ನೊ, ದಾಟಿ ಬಂದ ಹೊಳೆಯನ್ನೊ? ಕೇಳೋಣವೆಂದರೆ ಅಜ್ಜಿ ಇಲ್ಲ. ಹಸ್ತಪ್ರತಿಗಳಲ್ಲಿ ಹೀಗೆ ಅಕ್ಷರಗಳು ಲೋಪವಾದ ಎಡೆಯನ್ನು ‘ಗ್ರಂಥಪಾತ’ವೆಂದು ಕರೆಯುತ್ತೇವೆ. ಮೂಡುಬಿದಿರೆಯ ಧವಳಾ ಗ್ರಂಥಗಳು ತಾಳೆಗರಿಯ ಮೇಲೆ ಶತಮಾನಗಳನ್ನು ದಾಟಿ ಬಂದಿವೆ. ನಾನೇ ಕೇಳಿ, ನಾನೇ ಬರೆದುದರಲ್ಲಿ ಇಪ್ಪತ್ತು ವರ್ಷ ತುಂಬುವುದರೊಳಗೆ ಗ್ರಂಥಪಾತ! ಆ ಜಾಗದಲ್ಲಿ ಮೂರು ಚುಕ್ಕಿಗಳನ್ನಿಟ್ಟು ಮುಂದಕ್ಕೆ ಹೋದೆ. ಊಹೆಯನ್ನು ಅಜ್ಜಿಯ ಬಾಯಲ್ಲಿ ತುರುಕಲು ಮನಸ್ಸು ಬರಲಿಲ್ಲ.

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಪ್ರಸಿದ್ಧಿಯನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತೇನೆ. ಅದನ್ನು ದಾನವೆಂದೇ ವಿವರಿಸುತ್ತಿದ್ದೆ. ಓಲೆ ಹಳತಾದೊಡನೆ ಹೊಸ ಓಲೆಗೆ ಇಳಿಸದಿದ್ದರೆ, ಒಂದೇ ಕಡೆ ಇಟ್ಟರೆ, ಕಾವ್ಯ ಉಳಿಯುವುದಿಲ್ಲವೆಂಬ ಲೌಕಿಕ ವಿವೇಕವೂ ಅದರಲ್ಲಿತ್ತೆಂದು ಈಗ ಅನ್ನಿಸುತ್ತಿದೆ. ಸಾವಿರ ಪ್ರತಿಗಳ ಪಾಠ ಹೇಳುವ ಅಧ್ಯಾಪಕ ಅಜ್ಜಿಯ ಪದಗಳನ್ನು ಒಂದೇ ಯಂತ್ರದ ಒಂದೇ ಫಾಂಟಿನ ವಶಕ್ಕೆ ಬಿಟ್ಟಿದ್ದ.

ನನ್ನ ವಯಸ್ಸಿನ ಅಧ್ಯಾಪಕರಲ್ಲಿ ಅನೇಕರ ಬಳಿ ಇಂಥ ಕಡತಗಳಿರಬಹುದು: ಅಚ್ಚಾಗದ ಪ್ರಬಂಧ, ಕ್ಷೇತ್ರಕಾರ್ಯದ ಟಿಪ್ಪಣಿ, ಗತಿಸಿದ ಗುರುಗಳ ಉಪನ್ಯಾಸ. ಹೊಸ ಯಂತ್ರ ಕೊಳ್ಳುವ ಮುನ್ನ ಒಂದು ಹಳೆಯ ಕಡತವನ್ನು ಬೇರೆಯವರ ಯಂತ್ರದಲ್ಲಿ ತೆರೆದು ನೋಡಲಿ ಎಂಬುದಷ್ಟೇ ನನ್ನ ವಿನಂತಿ. ಕನ್ನಡ ಕಂಡರೆ ಸಂತೋಷ. ಕಾಣದಿದ್ದರೆ ಹಳೆಯ ಯಂತ್ರವನ್ನು ವಿನಿಮಯಕ್ಕೆ ಕೊಡುವ ಅವಸರ ಬೇಡ.

ಗೆಳೆಯರು ಹೇಳಿದಂತೆ ಬಂದು ತಮ್ಮ ಯಂತ್ರವನ್ನು ಒಯ್ದರು. “ಮತ್ತ ಯಾವ ಮಾರ್ಕು ಆತ್ರಿ?” ಎಂದು ಕೇಳಿದರು. ನೂರಹತ್ತು ಕಡತಗಳಲ್ಲಿ ಅರವತ್ತು ಮುಗಿದಿವೆ, ಐವತ್ತು ಉಳಿದಿವೆ ಎಂದೆ. ಅವು ಮುಗಿದ ಮೇಲೆ ಯಾವ ಮಾರ್ಕಾದರೂ ಆದೀತು, ಹಗುರವಾಗಿದ್ದರೆ ಸಾಕು.