ಸೀಳುತುಟಿಯೂ ಕೆಳದುಟಿಯ ಕುಳಿಗಳೂ

ಸೀಳುತುಟಿಯ ಮಗು ಹುಟ್ಟಿತೆಂದರೆ ನಮ್ಮ ನಾಡಿನ ಹಲವು ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ಗ್ರಹಣಕಾಲದಲ್ಲಿ ಬಸುರಿಯು ಏನನ್ನು ಕತ್ತರಿಸಿದಳು ಎಂಬುದು. ತಾಯಿಯ ಮೇಲೆ ಹೊರಿಸುವ ಈ ಅಪವಾದವು ನಿರಾಧಾರವೆಂದರೆ ಸಾಲದು. ನಿಜವಾದ ಕಾರಣವನ್ನು ತೋರಿಸಬೇಕಾಗುತ್ತದೆ.

ಭ್ರೂಣದ ಮುಖವು ಮೊದಲೇ ಇಡಿಯಾಗಿ ಮೂಡುವುದಿಲ್ಲ. ಬೇರೆಬೇರೆಯಾಗಿ ಬೆಳೆದ ಉಬ್ಬುಗಳು ಕೂಡಿ ಬೆಸೆದುಕೊಂಡು ಮುಖವಾಗುತ್ತವೆ. ಮೇಲ್ದುಟಿಯು ಏಳನೆಯ ವಾರದ ಸುಮಾರಿಗೆ, ಅಂಗುಳವು 12ನೆಯ ವಾರದ ಹೊತ್ತಿಗೆ ಕೂಡಿಕೊಳ್ಳುತ್ತದೆ. ಬೆಸುಗೆ ತಪ್ಪಿದಲ್ಲಿ ಸೀಳು ಉಳಿಯುತ್ತದೆ. ಲೋಕದಲ್ಲಿ ಸುಮಾರು 700 ಜನನಗಳಿಗೆ ಒಂದರಂತೆ ಇದು ಕಂಡುಬರುತ್ತದೆ. ಬಹುಪಾಲು ಪ್ರಸಂಗಗಳಲ್ಲಿ ಹಲವು ಜೀನುಗಳೂ ಪರಿಸರವೂ ಹೆಣೆದುಕೊಂಡಿರುತ್ತವೆ. ಒಂದೇ ಜೀನಿನ ಪಾತ್ರ ಸ್ಪಷ್ಟವಾಗಿರುವ ಪ್ರಸಂಗವೊಂದನ್ನು ನಾವಿಲ್ಲಿ ಎತ್ತಿಕೊಂಡಿದ್ದೇವೆ.

ಕೆಲವು ಕುಟುಂಬಗಳಲ್ಲಿ ಸೀಳಿನೊಡನೆ ಕೆಳದುಟಿಯ ಮೇಲೆ ಚಿಕ್ಕ ಕುಳಿಗಳೂ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುವುದನ್ನು 1954ರಲ್ಲಿ ಆನ್ ವಾನ್ ಡರ್ ವೂಡ್ ಎಂಬ ವೈದ್ಯೆ ವಿವರಿಸಿದರು. ಈ ಲಕ್ಷಣಕೂಟವು ಇಂದು ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಇದರ ಜೀನು 1ನೆಯ ವರ್ಣತಂತುವಿನಲ್ಲಿದೆಯೆಂದು ತಿಳಿದಿದ್ದರೂ ಯಾವುದೆಂದು ಗೊತ್ತಾದುದು 2002ರಲ್ಲಿ, ಅದೂ ಏಕಾಂಡ ಅವಳಿಗಳ ಒಂದು ಜೋಡಿಯಿಂದ. ಅವರಲ್ಲಿ ಒಬ್ಬರಿಗೆ ಮಾತ್ರ ಈ ದೋಷವಿದ್ದಿತು. ಇಬ್ಬರ ಜೀನುಗಳನ್ನು ಹೋಲಿಸಿ ನೋಡಲಾಗಿ, ಐಆರ್‌ಎಫ್6 ಎಂಬ ಜೀನಿನಲ್ಲಿ ಒಂದು ವಿಕೃತಿಯು ದೋಷವುಳ್ಳವರಲ್ಲಿ ಮಾತ್ರ ಕಂಡಿತು. ಮತ್ತೊಬ್ಬರಲ್ಲಾಗಲಿ ತಂದೆತಾಯಿಗಳಲ್ಲಾಗಲಿ ಅದು ಇರಲಿಲ್ಲ. ಒಂದೇ ಗರ್ಭದಲ್ಲಿ, ಒಂದೇ ಕಾಲದಲ್ಲಿ ಬೆಳೆದವರು ಇವರು. ಗ್ರಹಣವಾಗಿದ್ದರೆ ಇಬ್ಬರನ್ನೂ ಹಿಡಿಯಬೇಕಾಗಿತ್ತಲ್ಲವೆ? ಬಳಿಕ ಬೇರೆ ಕುಟುಂಬಗಳಲ್ಲಿಯೂ ಅದೇ ಜೀನಿನ ವಿಕೃತಿಗಳು ದೊರೆತುವು.

ಈ ಜೀನು ಚರ್ಮದ ಕೋಶಗಳು ಪಕ್ವವಾಗುವ ಕ್ರಮವನ್ನು ನಿಯಂತ್ರಿಸುತ್ತದೆ. ಇದು ಕೆಲಸಮಾಡದ ಇಲಿಯ ಭ್ರೂಣಗಳಲ್ಲಿ ಬಾಯೊಳಗಿನ ಮೇಲ್ಮೈಗಳು ಅಂಟಬಾರದೆಡೆಯಲ್ಲಿ ಅಂಟಿಕೊಳ್ಳುತ್ತವೆ; ಅದರಿಂದ ಅಂಗುಳದ ಎರಡು ಹಲಗೆಗಳು ಮೇಲೆದ್ದು ಸಂಧಿಸಲಾರವು. ತಪ್ಪಾದೆಡೆಯ ಅಂಟು ಸರಿಯಾದ ಬೆಸುಗೆಯನ್ನು ತಪ್ಪಿಸುವುದೆಂಬುದು ನಮಗೆ ಬಹಳ ಕುತೂಹಲಕರವಾಗಿ ತೋರುತ್ತದೆ.

ವಿಕೃತಿಯುಳ್ಳ ತಂದೆಯಿಂದಾಗಲಿ ತಾಯಿಯಿಂದಾಗಲಿ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಎರಡರಲ್ಲಿ ಒಂದು. ಆದರೆ ತೀವ್ರತೆ ಒಂದೇ ಸಮನಾಗಿರುವುದಿಲ್ಲ. ತಂದೆಗೆ ಬರಿಯ ಕುಳಿಗಳಿದ್ದು ಮಗುವಿಗೆ ಪೂರ್ಣ ಸೀಳು ಇರಬಹುದು. ಆದಕಾರಣ ಮಗುವನ್ನು ಪರೀಕ್ಷಿಸುವ ವೈದ್ಯರು ಹೆತ್ತವರಿಬ್ಬರ ಕೆಳದುಟಿಯನ್ನೂ ನೋಡುತ್ತಾರೆ. ಅವಳಿಗಳ ಪ್ರಸಂಗದಂತೆ ವಿಕೃತಿಯು ಹೊಸದಾಗಿ ಹುಟ್ಟಿದ್ದರೆ, ಮುಂದಿನ ಮಗುವಿಗೆ ಅದು ಬರುವ ಸಂಭವ ತೀರ ಕಡಮೆ.