ಯಾವ ಗೆರೆಯಿಂದ ಬಂತು ಈ ಉತ್ತರ?

ಮುದಗಲ್‌ನಿಂದ ಲಿಂಗಸುಗೂರು, ಮಸ್ಕಿ ದಾಟಿ ಸಿಂಧನೂರಿಗೆ ಹೋಗುವ ಬಸ್ಸಿನ ದಾರಿಯನ್ನು ಹಾಳೆಯ ಮೇಲೆ ಬರೆಯಿರಿ. ಊರಿಗೊಂದು ಚುಕ್ಕಿ, ರಸ್ತೆಗೊಂದು ಗೆರೆ. ಗ್ರಾಫ್ ಎಂದರೆ ಇಷ್ಟೇ. ಗ್ರಾಫ್ ನ್ಯೂರಲ್ ನೆಟ್‌ವರ್ಕ್ ಎಂಬ ಕಂಪ್ಯೂಟರ್ ಮಾದರಿ ಇಂಥ ಜಾಲಗಳನ್ನು ನೋಡಿ ಕಲಿಯುತ್ತದೆ. ಸುತ್ತು ಸುತ್ತಿಗೂ ಪ್ರತಿ ಚುಕ್ಕಿ ಪಕ್ಕದ ಚುಕ್ಕಿಗಳ ಅಂಕಿಗಳನ್ನು ತರಿಸಿಕೊಂಡು ತನ್ನದರಲ್ಲಿ ಬೆರೆಸಿಕೊಳ್ಳುತ್ತದೆ. ಸಿಂಧನೂರಿನ ಸುದ್ದಿ ಮೊದಲ ಸುತ್ತಿಗೆ ಮಸ್ಕಿ ಮುಟ್ಟುತ್ತದೆ, ಎರಡನೆಯದಕ್ಕೆ ಲಿಂಗಸುಗೂರು, ಮೂರನೆಯದಕ್ಕೆ ಮುದಗಲ್. ಅಷ್ಟರಲ್ಲಿ ದಾರಿಯ ಊರುಗಳ ಸುದ್ದಿಯೆಲ್ಲ ಅದರಲ್ಲಿ ಕಲಸಿಹೋಗಿರುತ್ತದೆ. ‘ಇವತ್ತು ಬಸ್ಸು ತಡ’ ಎಂದು ಮಾದರಿ ಹೇಳಿದರೆ, ಆ ಮಾತು ಯಾವ ರಸ್ತೆಯಿಂದ ಬಂತು ಎಂದು ಪತ್ತೆ ಹಚ್ಚುವುದು ಸುಲಭವಲ್ಲ.

ಈ ಪತ್ತೆಗೆಂದೇ 2019ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ರೆಕ್ಸ್ ಯಿಂಗ್, ಯೂರೆ ಲೆಸ್ಕೊವೆಕ್ ಮತ್ತು ಸಂಗಡಿಗರು ‘ಜಿಎನ್‌ಎನ್‌ಎಕ್ಸ್‌ಪ್ಲೇನರ್’ ಎಂಬ ವಿಧಾನ ತಂದರು. ಪ್ರತಿ ಗೆರೆಗೂ ಸೊನ್ನೆ ಮತ್ತು ಒಂದರ ನಡುವಿನ ಒಂದು ತೂಕ ಕೊಡುತ್ತಾರೆ. ಉತ್ತರ ಕೆಡದಂತೆ ನೋಡಿಕೊಳ್ಳುತ್ತ ಆ ತೂಕಗಳನ್ನು ಆದಷ್ಟು ಇಳಿಸುತ್ತಾರೆ. ಕೊನೆಗೆ ಗಟ್ಟಿಯಾಗಿ ಉಳಿಯುವ ಚಿಕ್ಕ ತುಣುಕೇ ಉತ್ತರಕ್ಕೆ ಕಾರಣ. ಅಣುಗಳ ಮೇಲೂ ಇದನ್ನು ಪ್ರಯೋಗಿಸಿದರು. ಅಲ್ಲಿ ಪರಮಾಣು ಚುಕ್ಕಿ, ಬಂಧ ಗೆರೆ. ವಂಶವಾಹಿಗಳನ್ನು ಕೆಡಿಸುವ ರಾಸಾಯನಿಕಗಳಲ್ಲಿ ಇಂಗಾಲದ ಉಂಗುರ ಮತ್ತು ನೈಟ್ರೋ ಗುಂಪು ಮೇಲೆದ್ದು ಬಂದವು. ರಸಾಯನಶಾಸ್ತ್ರಜ್ಞರು ಮೊದಲಿನಿಂದಲೂ ಗುಮಾನಿಯಿಂದ ನೋಡುತ್ತಿದ್ದ ಗುಂಪುಗಳೇ ಅವು.

ನನ್ನ ತಕರಾರು ಇರುವುದು ಮುಂದಿನ ಹೆಜ್ಜೆಯಲ್ಲಿ. ಹೀಗೆ ಸಿಕ್ಕಿದ್ದು ಮಾದರಿಯ ಕಾರಣ. ಲೋಕದ ಕಾರಣ ಬೇರೆಯೇ ಇರಬಹುದು. ವಿವರಣೆ ಮಸ್ಕಿಯ ರಸ್ತೆಯತ್ತ ಬೆರಳು ಮಾಡಿದರೆ, ಹಳೆಯ ದಾಖಲೆಗಳಲ್ಲಿ ಆ ರಸ್ತೆಗೂ ತಡಕ್ಕೂ ನಂಟು ಕಂಡಿತ್ತು ಎಂದಷ್ಟೇ ಹೇಳಬಹುದು. ಬಸ್ಸು ನಿಜಕ್ಕೂ ಸಿಕ್ಕಿಕೊಂಡದ್ದು ಲಿಂಗಸುಗೂರಿನ ನಿಲ್ದಾಣದಲ್ಲಿರಬಹುದು. ಚೆಂದದ ಚಿತ್ರ ಕಂಡೊಡನೆ ನಂಬಿಬಿಡುವ ಚಾಳಿ ಸಂಶೋಧಕರಿಗೂ ಇದೆ. ಅದಕ್ಕೇ ಒಂದು ಪರೀಕ್ಷೆ: ತೋರಿಸಿದ ತುಣುಕನ್ನು ತೆಗೆದುಹಾಕಿದರೆ ಉತ್ತರ ತಿರುಗುತ್ತದೆಯೇ? ತಿರುಗದಿದ್ದರೆ ವಿವರಣೆ ಪೊಳ್ಳಿರಬಹುದು, ಅಥವಾ ಅದೇ ಸುದ್ದಿ ಇನ್ನೊಂದು ದಾರಿಯಿಂದಲೂ ಬರುತ್ತಿರಬಹುದು. ಇವೆರಡನ್ನು ಬೇರ್ಪಡಿಸುವುದೇ ಕಷ್ಟದ ಕೆಲಸ.

ಗೆರೆಗಳಲ್ಲೂ ಬಗೆಗಳುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾರ್ಥ ತಾಲೂಕ್ದಾರ್ ಗುಂಪು 2020ರಲ್ಲಿ ಮುಂದಿಟ್ಟ ‘ಕಾಂಪ್‌ಜಿಸಿಎನ್’ ಮಾದರಿ ಚುಕ್ಕಿಗಳಂತೆ ಗೆರೆಗಳು ಸೂಚಿಸುವ ಸಂಬಂಧದ ಬಗೆಗಳಿಗೂ ಅಂಕಿಗಳನ್ನು ಕಲಿಯುತ್ತದೆ. ಅಂಥಲ್ಲಿ ಯಾವ ಗೆರೆ ಎಂದರೆ ಸಾಲದು, ಯಾವ ಬಗೆಯ ಗೆರೆ ಎಂದೂ ವಿವರಣೆ ಹೇಳಬೇಕು.

ವಿವರಣೆ ಪೊಳ್ಳೋ ಗಟ್ಟಿಯೋ ಎಂಬುದನ್ನು ಪ್ರಯೋಗಶಾಲೆಯಲ್ಲೇ ಒರೆಗೆ ಹಚ್ಚಿದ್ದು 2023ರಲ್ಲಿ, ಅಮೆರಿಕದ ಎಂಐಟಿಯ ಜೇಮ್ಸ್ ಕಾಲಿನ್ಸ್ ತಂಡ. 39,312 ಸಂಯುಕ್ತಗಳನ್ನು ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿ, ಯಾವುವು ಅದನ್ನು ತಡೆಯುತ್ತವೆ ಎಂಬ ಆ ಫಲಿತಾಂಶದಿಂದ ಗ್ರಾಫ್ ಮಾದರಿಗಳಿಗೆ ಕಲಿಸಿದರು. 1.2 ಕೋಟಿ ಸಂಯುಕ್ತಗಳನ್ನು ಅವುಗಳಿಂದ ಜಾಲಾಡಿಸಿ, ಅಣುವಿನ ಯಾವ ತುಂಡಿನಿಂದ ಹೆಚ್ಚು ಅಂಕ ಬಂತು ಎಂದೂ ಹುಡುಕಿಸಿದರು. 283 ಸಂಯುಕ್ತಗಳನ್ನು ತರಿಸಿ ಪರೀಕ್ಷಿಸಿದಾಗ, ಹೀಗೆ ಗುರುತಿಸಿದ ತುಂಡುಗಳಿದ್ದ ಗುಂಪುಗಳಲ್ಲೇ ಬ್ಯಾಕ್ಟೀರಿಯಾವನ್ನು ತಡೆದವು ಹೆಚ್ಚು ಸಿಕ್ಕವು. ಅಂಥ ಒಂದು ಗುಂಪಿನ ಸಂಯುಕ್ತ, ಔಷಧಿಗಳಿಗೆ ಬಗ್ಗದ ಎಂಆರ್‌ಎಸ್‌ಎ ಸೋಂಕನ್ನು ಇಲಿಗಳಲ್ಲಿ ತಗ್ಗಿಸಿತು.